ಬಾಡಿಗೆ 18 ಸಾವಿರ, ಮನೆಯ ಖರ್ಚು 32 ಸಾವಿರ

ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡ್ ನೋಡಿ ಫೋನ್ ಮಾಡಿದವರಿಗೆ ಓನರ್ ಹೇಳುವುದು ಎರಡೇ ಅಂಕಿ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು. ಮೊದಲ ಸಲ ಮನೆ ಹುಡುಕುತ್ತಿರುವ ಗಂಡ ಹೆಂಡತಿಯೂ ಇವೆರಡನ್ನೇ ಕೇಳಿಕೊಂಡು, ತಮ್ಮ ಸಂಬಳದ ಜೊತೆ ತಾಳೆ ನೋಡಿ, ಆದೀತು ಎಂದು ಒಪ್ಪಿಬಿಡುತ್ತಾರೆ. ಮೂರನೇ ತಿಂಗಳಿಗೆ ಲೆಕ್ಕ ತಪ್ಪುತ್ತದೆ. ಬಾಡಿಗೆ ಹೇಳಿದಷ್ಟೇ ಇದೆ, ಸಂಬಳವೂ ಸರಿಯಾಗಿ ಬಂದಿದೆ, ಯಾರೂ ದುಂದು ಮಾಡಿಲ್ಲ. ಆದರೂ ಇಪ್ಪತ್ತನೇ ತಾರೀಖಿನ ಹೊತ್ತಿಗೆ ಖಾತೆಯಲ್ಲಿ ಇರಬೇಕಾಗಿದ್ದ ಹಣ ಇರುವುದಿಲ್ಲ.

ಇದಕ್ಕೆ ಒಂದು ಸರಳ ಕಾರಣವಿದೆ. ಕೆಲಸಕ್ಕೆಂದು ಊರು ಬಿಟ್ಟು ಬಂದವರಲ್ಲಿ ಬಹುಪಾಲು ಜನ ಮದುವೆಗೆ ಮುಂಚೆ ಪಿಜಿಗಳಲ್ಲಿ ಇದ್ದವರು. ಪಿಜಿಯಲ್ಲಿ ತಿಂಗಳಿಗೆ ಒಂದು ಮೊತ್ತ ಕಟ್ಟಿದರೆ ಊಟ, ಕರೆಂಟು, ಬಿಸಿನೀರು, ವೈಫೈ, ಕಸ ಗುಡಿಸುವವರ ಸಂಬಳ ಎಲ್ಲವೂ ಅದರಲ್ಲೇ ಸೇರಿರುತ್ತಿತ್ತು. ಅದಕ್ಕೂ ಮೊದಲು ಅಪ್ಪ ಅಮ್ಮನ ಮನೆಯಲ್ಲಿ ಬಿಲ್ ಬಂದದ್ದು ಕಂಡಿದ್ದರೂ ಕಟ್ಟಿದ್ದು ಅಪ್ಪ. ಹೀಗಾಗಿ ಸ್ವಂತ ಅಡುಗೆಮನೆ ಇರುವ ಮೊದಲ ಬಾಡಿಗೆ ಮನೆಯಲ್ಲೇ ನೀರು, ಬೆಳಕು, ಬೆಂಕಿ ಒಂದೊಂದಕ್ಕೂ ಬೇರೆ ಬೇರೆ ಬೆಲೆ ಇದೆ ಎಂಬುದು ಮೊದಲ ಬಾರಿ ಅನುಭವಕ್ಕೆ ಬರುತ್ತದೆ.

ಉಳಿತಾಯದ ಬುದ್ಧಿವಾದಗಳು ಸಾಮಾನ್ಯವಾಗಿ ತಿಂಗಳ ಕೊನೆಯಿಂದ ಶುರುವಾಗುತ್ತವೆ: ಹೋಟೆಲ್ ಊಟ ಕಡಿಮೆ ಮಾಡಿ, ಫ್ಯಾನ್ ಆರಿಸಿ, ಆನ್‌ಲೈನ್ ಖರೀದಿ ಬಿಡಿ. ಅದರಿಂದ ಉಳಿಯುವುದು ಅಲ್ಪಸ್ವಲ್ಪ. ಮನೆಯ ದೊಡ್ಡ ಬಿಲ್‌ಗಳು ನಿಗದಿಯಾಗುವುದು ಮನೆ ನೋಡಲು ಹೋದ ದಿನ. ನಲ್ಲಿಯಲ್ಲಿ ಬರುವುದು ಕಾವೇರಿಯೋ ಟ್ಯಾಂಕರ್ ನೀರೋ, ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯೋ ಸಬ್‌ಮೀಟರೋ, ಮೆಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ, ಆಫೀಸಿಗೆ ಎಷ್ಟು ದೂರ ಎಂಬ ನಾಲ್ಕು ಸಂಗತಿಗಳು ಮುಂದಿನ ಹನ್ನೊಂದು ತಿಂಗಳ ಖರ್ಚನ್ನು ಕಟ್ಟಿಹಾಕುತ್ತವೆ. ಕರಾರಿಗೆ ಸಹಿ ಬಿದ್ದ ಮೇಲೆ ಮಿತವ್ಯಯಕ್ಕೆ ಉಳಿಯುವ ಜಾಗ ಚಿಕ್ಕದು.

ಹನ್ನೊಂದು ತಿಂಗಳು ಏಕೆ ಎಂಬುದಕ್ಕೂ ಕಾನೂನಿನ ಹಿನ್ನೆಲೆಯಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಅದರ ಓಡಾಟ, ಶುಲ್ಕ ತಪ್ಪಿಸಲೆಂದು ಹನ್ನೊಂದು ತಿಂಗಳ ಕರಾರು ರೂಢಿಗೆ ಬಂತು. ಇದರ ನೇರ ಪರಿಣಾಮ ಬಾಡಿಗೆದಾರರ ಜೇಬಿನ ಮೇಲೆ: ವರ್ಷ ತುಂಬುವ ಮೊದಲೇ ಕರಾರು ಮುಗಿಯುತ್ತದೆ, ಪ್ರತಿ ನವೀಕರಣದಲ್ಲೂ ಬಾಡಿಗೆ ಏರುತ್ತದೆ. ಶೇ 5ರ ಏರಿಕೆ ಎಂದರೂ 18 ಸಾವಿರದ ಮನೆಗೆ ತಿಂಗಳಿಗೆ 900 ರೂ. ಹೆಚ್ಚು. ಇಬ್ಬರಲ್ಲಿ ಒಬ್ಬರ ಸಂಬಳ ಆ ವರ್ಷ ಏರದಿದ್ದರೆ ಈ 900 ಎಲ್ಲಿಂದ ಬರಬೇಕು ಎಂಬುದನ್ನು ಮೊದಲ ಕರಾರಿನ ದಿನವೇ ಮಾತಾಡಿಕೊಳ್ಳುವುದು ಒಳ್ಳೆಯದು.

ಅಡ್ವಾನ್ಸ್ ವಿಷಯದಲ್ಲಿ ಬೆಂಗಳೂರಿಗೆ ದೇಶದಲ್ಲೇ ಕೆಟ್ಟ ಹೆಸರಿದೆ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಇಲ್ಲಿ ದಶಕಗಳ ಪದ್ಧತಿ. ಈಚೆಗೆ ಐದಾರು ತಿಂಗಳಿಗೆ ಒಪ್ಪುವ ಓನರುಗಳೂ ಸಿಗುತ್ತಾರೆ. ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ. ಆದರೆ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ರಾಜ್ಯ ತನ್ನದೇ ಕಾನೂನು ಮಾಡಿಕೊಳ್ಳದ ಹೊರತು ಯಾವ ಓನರನ್ನೂ ಅದು ಕಟ್ಟಿಹಾಕುವುದಿಲ್ಲ. ಇನ್ನು 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಗೆ ಅನ್ವಯಿಸುವುದೇ ಇಲ್ಲ. ಅಷ್ಟು ಬಾಡಿಗೆಗೆ ಇವತ್ತು ಫ್ಲ್ಯಾಟ್ ಎಲ್ಲಿದೆ? ಹೀಗಾಗಿ ಅಡ್ವಾನ್ಸ್ ಎಷ್ಟು ಎಂಬುದು ಚೌಕಾಸಿಯ ಮೇಲೆ ನಿಂತಿದೆ. ಚೌಕಾಸಿಗೆ ಒಂದು ಒಳ್ಳೆಯ ಕಾಲವೂ ಇದೆ. ಆಷಾಢದಲ್ಲಿ, ಧನುರ್ಮಾಸದಲ್ಲಿ ಹಾಲು ಉಕ್ಕಿಸಿ ಹೊಸ ಮನೆ ಸೇರಲು ಬಹಳ ಜನ ಹಿಂಜರಿಯುತ್ತಾರೆ. ಖಾಲಿ ಬಿದ್ದ ಮನೆಯ ಓನರ್ ಆ ದಿನಗಳಲ್ಲಿ ಮಾತಿಗೆ ಬಗ್ಗುವ ಸಾಧ್ಯತೆ ಹೆಚ್ಚು.

ಒಂದು ಜೋಡಿಯ ಲೆಕ್ಕ ಹಾಕಿ ನೋಡೋಣ. ಅವನದು 38 ಸಾವಿರ ಸಂಬಳ, ಅವಳದು 27 ಸಾವಿರ, ಕೈಗೆ ಬರುವುದು ಒಟ್ಟು 65 ಸಾವಿರ ಎಂದಿಟ್ಟುಕೊಳ್ಳಿ. ಮನೆ 18 ಸಾವಿರದ ಒನ್ ಬಿಎಚ್‌ಕೆ. ಆರು ತಿಂಗಳ ಅಡ್ವಾನ್ಸ್ 1,08,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 18,000, ಮೊದಲ ತಿಂಗಳ ಬಾಡಿಗೆ 18,000. ಒಲೆ ಹಚ್ಚುವ ಮೊದಲೇ 1,44,000 ರೂ. ಹೋಯಿತು. ಓನರ್ ಹತ್ತು ತಿಂಗಳಿಗೆ ಪಟ್ಟು ಹಿಡಿದರೆ ಇದೇ ಮೊತ್ತ 2,16,000 ಆಗುತ್ತದೆ. ಸಾಮಾನು ಸಾಗಿಸುವ ಟೆಂಪೊ, ಮಂಚ, ಫ್ರಿಜ್, ಪರದೆಯ ಸರಳು, ಬಕೆಟ್ಟು ಮಗ್ಗು ಇದರ ಮೇಲೆ. ಮದುವೆಯ ಸಾಲ ಇನ್ನೂ ತೀರದ ಮನೆಗಳಲ್ಲಿ ಈ ಹಣ ಪರ್ಸನಲ್ ಲೋನ್‌ನಿಂದ ಬರುತ್ತದೆ, ಅದರ ಕಂತು ಮೊದಲ ವರ್ಷದುದ್ದಕ್ಕೂ ಅದೃಶ್ಯ ಬಾಡಿಗೆಯಾಗಿ ಕಾಡುತ್ತದೆ. ಸಾಲ ಮಾಡಿ ಫ್ರಿಜ್, ವಾಷಿಂಗ್ ಮಷೀನ್, ಟಿವಿ ಮೂರನ್ನೂ ಒಟ್ಟಿಗೆ ಮನೆಗೆ ತರುವ ಆತುರ ಬೇಡ. ಮೊದಲ ಮೂರು ತಿಂಗಳ ಬಿಲ್‌ಗಳು ಕೈಗೆ ಬಂದ ಮೇಲೆ ಒಂದೊಂದೇ ತಂದರೂ ಸಂಸಾರ ನಡೆಯುತ್ತದೆ.

ತಿಂಗಳ ಬಾಡಿಗೆಯ ಗೊಡವೆಯೇ ಬೇಡ ಎಂದು ದೊಡ್ಡ ಮೊತ್ತ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯುವವರಿದ್ದಾರೆ. ಹಣ ಪೂರ್ತಿ ವಾಪಸ್ ಬರುತ್ತದೆ ಎಂಬುದು ಇದರ ಆಕರ್ಷಣೆ. ಆ ಮನೆಯ ಮೇಲೆ ಓನರ್ ಬ್ಯಾಂಕ್ ಸಾಲ ಮಾಡಿ ಕಂತು ಕಟ್ಟದಿದ್ದರೆ ಭೋಗ್ಯದ ಹಣವೇ ಮುಳುಗುವ ಭಯವಿದೆ. ಋಣಭಾರ ಪತ್ರ ನೋಡದೆ, ಕರಾರು ನೋಂದಾಯಿಸದೆ ಹೊಸ ಜೋಡಿ ಈ ದಾರಿ ಹಿಡಿಯಬಾರದು.

ಈಗ ಕರೆಂಟಿಗೆ ಬರೋಣ. ಹೊಸ ಬಾಡಿಗೆದಾರರು ಹೆಚ್ಚು ತಪ್ಪು ತಿಳಿಯುವುದು ಇದನ್ನೇ.

ಗೃಹಜ್ಯೋತಿ ಎಂದರೆ ಎಲ್ಲರಿಗೂ 200 ಯುನಿಟ್ ಉಚಿತ ಎಂಬ ನಂಬಿಕೆ ಇದೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 200 ಎಂಬುದು ಗರಿಷ್ಠ ಮಿತಿ. ಒಬ್ಬೊಬ್ಬರಿಗೆ ಸಿಗುವ ಉಚಿತ ಪ್ರಮಾಣ ಅವರ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗುತ್ತದೆ. ಬಳಕೆಯ ಇತಿಹಾಸವೇ ಇಲ್ಲದ ಹೊಸ ಬಾಡಿಗೆದಾರರಿಗೆ ರಾಜ್ಯದ ಸರಾಸರಿಯಾದ 53 ಯುನಿಟ್‌ಗೆ ಶೇ 10 ಸೇರಿಸಿ 58 ಯುನಿಟ್ ಎಂದು ಲೆಕ್ಕ ಹಿಡಿದರು. ಅದನ್ನು ಮೀರಿದ ಯುನಿಟ್‌ಗಳಿಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

58 ಯುನಿಟ್ ಎಂದರೆ ಎಷ್ಟು? ಬಚ್ಚಲಿನ ಗೀಸರ್ ಒಂದನ್ನೇ ಲೆಕ್ಕ ಹಾಕಿದರೆ ತಿಳಿಯುತ್ತದೆ. 2 ಕಿಲೋವಾಟ್ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ 2 ಯುನಿಟ್, ತಿಂಗಳಿಗೆ 60. ಇಬ್ಬರ ಸ್ನಾನದಲ್ಲೇ ಉಚಿತ ಪಾಲು ಮುಗಿದುಹೋಯಿತು. ಸಾಧಾರಣ 75 ವಾಟ್ ಫ್ಯಾನ್ ರಾತ್ರಿ ಎಂಟು ಗಂಟೆ ತಿರುಗಿದರೆ ತಿಂಗಳಿಗೆ 18 ಯುನಿಟ್. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್ ಅದೇ ಕೆಲಸವನ್ನು 7 ಯುನಿಟ್ ಆಸುಪಾಸಿನಲ್ಲಿ ಮಾಡುತ್ತದೆ. ಫ್ರಿಜ್, ಮಿಕ್ಸಿ, ದೀಪ, ಲ್ಯಾಪ್‌ಟಾಪ್ ಸೇರಿ 120 ಯುನಿಟ್ ಆಗುವುದು ಇಬ್ಬರ ಮನೆಗೆ ಅಚ್ಚರಿಯಲ್ಲ. ಓನರ್ ಸೌರ ಹೀಟರ್ ಹಾಕಿಸಿದ್ದಾರೆಯೇ, ಅದರ ಬಿಸಿನೀರು ಬಾಡಿಗೆ ಮನೆಯ ನಲ್ಲಿಗೂ ಬರುತ್ತದೆಯೇ ಎಂಬ ಪ್ರಶ್ನೆ ಹಾಗಾಗಿ ಗೋಡೆಯ ಬಣ್ಣಕ್ಕಿಂತ ಮುಖ್ಯ.

ಯೋಜನೆಯ ನೆರವಿಲ್ಲದೆ ಅದೇ 120 ಯುನಿಟ್‌ಗೆ ಎಷ್ಟಾಗುತ್ತದೆ ಎಂಬುದನ್ನೂ ನೋಡಬೇಕು. 2025-26ರ ದರದಲ್ಲಿ ಬೆಸ್ಕಾಂ ಗೃಹಬಳಕೆಗೆ ಯುನಿಟ್‌ಗೆ 5.80 ರೂ., ಮಂಜೂರಾದ ಪ್ರತಿ ಕಿಲೋವಾಟ್‌ಗೆ 145 ರೂ. ನಿಗದಿತ ಶುಲ್ಕ, ನೌಕರರ ಪಿಂಚಣಿ ಬಾಬ್ತು ಯುನಿಟ್‌ಗೆ 36 ಪೈಸೆ, ಮೇಲೆ ಶೇ 9 ವಿದ್ಯುತ್ ತೆರಿಗೆ. 2 ಕಿಲೋವಾಟ್ ಸಂಪರ್ಕಕ್ಕೆ ಎಲ್ಲ ಸೇರಿ ಸುಮಾರು 1,090 ರೂ. ತಿಂಗಳು ತಿಂಗಳು ಬದಲಾಗುವ ಇಂಧನ ಹೊಂದಾಣಿಕೆ ಶುಲ್ಕ ಇದರ ಹೊರಗೆ. ಒಂದೇ ಯುನಿಟ್ ಬಳಸದಿದ್ದರೂ 290 ರೂ. ನಿಗದಿತ ಶುಲ್ಕ ತಪ್ಪದು, ಊರಿಗೆ ಹೋಗಿ ತಿಂಗಳು ಬೀಗ ಹಾಕಿದರೂ ಬಿಲ್ ಬರುವುದು ಇದಕ್ಕೇ.

ಗೃಹಜ್ಯೋತಿ ಸಿಗಲು ಮೀಟರಿನ ಆರ್‌ಆರ್ ನಂಬರ್‌ಗೆ ಬಾಡಿಗೆದಾರರ ಆಧಾರ್ ಜೋಡಿಸಿ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಹಿಂದಿದ್ದವರ ಆಧಾರ್ ಆ ನಂಬರಿನಲ್ಲೇ ಕೂತಿದ್ದರೆ ಹೊಸಬರ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. 2024ರಲ್ಲಿ ಡಿ-ಲಿಂಕ್ ಸೌಲಭ್ಯ ಬಂದ ಮೇಲೆ ಈ ತೊಡಕು ಬಿಡಿಸಲು ದಾರಿಯಾಗಿದೆ. ಕೀಲಿ ಪಡೆಯುವ ದಿನವೇ ಇದನ್ನು ಮಾಡಿಸಿಕೊಂಡರೆ ಮೊದಲ ಬಿಲ್ಲಿನಿಂದಲೇ ಅನುಕೂಲ. ಹಳೆಯ ಕಟ್ಟಡಗಳಲ್ಲಿ ನಾಲ್ಕೈದು ಮನೆಗೆ ಒಂದೇ ಬೆಸ್ಕಾಂ ಮೀಟರ್, ಒಳಗೆ ಸಬ್‌ಮೀಟರ್ ಇರುವುದುಂಟು. ಅಲ್ಲಿ ಎಲ್ಲರ ಬಳಕೆಯೂ ಒಂದೇ ಮೀಟರಿಗೆ ಬಿದ್ದು 200 ದಾಟುವುದರಿಂದ ಯಾರಿಗೂ ಯೋಜನೆಯ ಲಾಭವಿಲ್ಲ, ಯುನಿಟ್‌ಗೆ ಎಷ್ಟೆಂದು ಓನರ್ ಹೇಳಿದ್ದೇ ದರ. ಅಂಥ ಮನೆಯ ಬಾಡಿಗೆ ಐನೂರು ರೂಪಾಯಿ ಕಡಿಮೆ ಇದ್ದರೂ ಅದು ಅಗ್ಗದ ಮನೆಯಲ್ಲ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಬಳಕೆ ಹೆಚ್ಚಾದಂತೆ ವಿದ್ಯುತ್ ಕಂಪನಿ ಎರಡು ತಿಂಗಳ ಸರಾಸರಿ ಬಿಲ್ಲಿಗೆ ಸರಿಹೊಂದುವಂತೆ ಹೆಚ್ಚುವರಿ ಭದ್ರತಾ ಠೇವಣಿ ಕೇಳುತ್ತದೆ. ಆ ಮೊತ್ತ ಜಮೆಯಾಗುವುದು ಓನರ್ ಹೆಸರಿನ ಖಾತೆಗೆ. ಬಾಡಿಗೆದಾರರು ಕಟ್ಟಿ ಸುಮ್ಮನಾದರೆ ಮನೆ ಬಿಡುವಾಗ ಅದು ಅವರಿಗೆ ಸಿಗುವುದಿಲ್ಲ. ಬಿಲ್ಲಿನಲ್ಲಿ ಆ ಸಾಲು ಕಂಡಾಗ ಫೋಟೊ ತೆಗೆದು ಓನರ್‌ಗೆ ಕಳಿಸಿ, ಬಾಡಿಗೆಯಲ್ಲಿ ಮುರಿದುಕೊಳ್ಳುವುದು ನ್ಯಾಯ.

ನೀರಿನ ಲೆಕ್ಕದಲ್ಲಿ ಅಂತರ ಇನ್ನೂ ದೊಡ್ಡದು. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ಸರ್ಕಾರಿ ಮಾನದಂಡ. ಇಬ್ಬರಿಗೆ 270 ಲೀಟರ್, ತಿಂಗಳಿಗೆ 8,100. ಬೆಂಗಳೂರು ಜಲಮಂಡಳಿಯ ಗೃಹಬಳಕೆಯ ಮೊದಲ ಹಂತ 8,000 ಲೀಟರ್‌ಗೆ ಮುಗಿಯುತ್ತದೆ. 2014ರ ನಂತರ ಮೊದಲ ಬಾರಿಗೆ 2025ರ ಏಪ್ರಿಲ್‌ನಲ್ಲಿ ದರ ಏರಿದ ಮೇಲೂ ಆ ಹಂತದ ನೀರಿಗೆ ನೂರು ರೂಪಾಯಿಯ ಒಳಗೇ ಆಗುತ್ತದೆ, ಒಳಚರಂಡಿ ಮತ್ತು ಮೀಟರ್ ಶುಲ್ಕ ಬೇರೆ. ಅದೇ ನೀರು ಟ್ಯಾಂಕರ್‌ನಲ್ಲಿ ಬಂದರೆ? 2024ರ ಬರದ ಬೇಸಿಗೆಯಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ಕಟ್ಟಿತ್ತು: ಐದು ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂ., 8,000 ಲೀಟರ್‌ಗೆ 700 ರೂ., 12,000 ಲೀಟರ್‌ಗೆ 1,000 ರೂ. ಅಂದರೆ ಸರ್ಕಾರ ಕಟ್ಟಿದ ದರದಲ್ಲೇ ಟ್ಯಾಂಕರ್ ನೀರು ಕಾವೇರಿಗಿಂತ ಏಳು ಪಟ್ಟಿಗೂ ಹೆಚ್ಚು ದುಬಾರಿ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ಹೊರವಲಯದ 110 ಹಳ್ಳಿಗಳ ಕಡೆಗೆ ತರುವ ಯೋಜನೆ. ಆದರೂ ಆ ಭಾಗದ ಪ್ರತಿ ಕಟ್ಟಡಕ್ಕೂ ಸಂಪರ್ಕ ಬಂದಿದೆ ಎಂದು ಊಹಿಸಿಕೊಳ್ಳುವಂತಿಲ್ಲ.

ಟ್ಯಾಂಕರ್ ಖರ್ಚು ಹಲವು ಕಡೆ ಮೆಂಟೆನೆನ್ಸ್ ಹೆಸರಿನಲ್ಲಿ ಹಂಚಿಕೆಯಾಗುತ್ತದೆ. ಹಾಗಾಗಿ ನವೆಂಬರ್‌ನಲ್ಲಿ 1,500 ಇದ್ದ ಮೆಂಟೆನೆನ್ಸ್ ಏಪ್ರಿಲ್‌ನಲ್ಲಿ 2,500 ಆಗಬಹುದು. ಮನೆ ನೋಡಲು ಮಳೆಗಾಲದಲ್ಲಿ ಹೋದವರಿಗೆ ಇದು ಕಾಣುವುದಿಲ್ಲ. ಹಾಗೆ ಹೋದವರು ಕೆಳಗಿನ ಮನೆಯವರನ್ನೋ ವಾಚ್‌ಮನ್‌ನನ್ನೋ ಮಾತಿಗೆಳೆದು, ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ ಎಂದು ಕೇಳಿಬಿಡಬೇಕು. ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಮೆಂಟೆನೆನ್ಸ್ ಚದರಡಿ ಲೆಕ್ಕ: ಚದರಡಿಗೆ 3 ರೂ. ಎಂದರೂ 900 ಚದರಡಿಗೆ 2,700. ಲಿಫ್ಟು, ಜನರೇಟರು, ಸೆಕ್ಯುರಿಟಿ, ಈಜುಕೊಳ ಎಲ್ಲದರ ಪಾಲೂ ಅದರಲ್ಲಿದೆ, ಈಜು ಬಾರದವರಿಗೂ ರಿಯಾಯಿತಿಯಿಲ್ಲ. ತಿಂಗಳಿಗೆ 7,500 ರೂ. ಮೀರಿದರೆ ದೊಡ್ಡ ಸಂಘಗಳಲ್ಲಿ ಶೇ 18 ಜಿಎಸ್‌ಟಿಯೂ ಸೇರುತ್ತದೆ.

ಅಡುಗೆ ಅನಿಲದಲ್ಲಿ ಅಷ್ಟು ಏರುಪೇರಿಲ್ಲ. ಹೊಸ ಸಂಪರ್ಕಕ್ಕೆ 14.2 ಕೆ.ಜಿ. ಸಿಲಿಂಡರ್‌ನ ಠೇವಣಿ 2022ರ ಜೂನ್‌ನಲ್ಲಿ 1,450ರಿಂದ 2,200ಕ್ಕೆ, ರೆಗ್ಯುಲೇಟರ್ ಠೇವಣಿ 150ರಿಂದ 250ಕ್ಕೆ ಏರಿತು. 2025ರ ಏಪ್ರಿಲ್‌ನಲ್ಲಿ ಸಿಲಿಂಡರ್ ಮೇಲೆ 50 ರೂ. ಏರಿ ಬೆಂಗಳೂರಿನಲ್ಲಿ 855.50 ಆಯಿತು. ಇಬ್ಬರ ಅಡುಗೆಗೆ ಒಂದು ಸಿಲಿಂಡರ್ ಎರಡು ತಿಂಗಳು ಬಂದರೆ ತಿಂಗಳ ಪಾಲು 430 ರೂ. ವಿಳಾಸದ ಪುರಾವೆ ಇನ್ನೂ ಸಿದ್ಧವಾಗಿಲ್ಲದವರಿಗೆ 5 ಕೆ.ಜಿ.ಯ ಪುಟ್ಟ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ.

ಇಂಟರ್‌ನೆಟ್ ಜಾಹೀರಾತಿನಲ್ಲಿ 599 ಎಂದಿದ್ದರೆ ಶೇ 18 ತೆರಿಗೆ ಸೇರಿ ಕಟ್ಟಬೇಕಾದದ್ದು 707. ಹಾಲಿನ ದರ 2025ರ ಏಪ್ರಿಲ್ 1ರಂದು ಲೀಟರ್‌ಗೆ 4 ರೂ. ಏರಿತು. ದಿನಕ್ಕೆ ಒಂದು ಲೀಟರ್ ನಂದಿನಿ ತರುವ ಮನೆಗೆ ತಿಂಗಳಿಗೆ 120 ಹೆಚ್ಚು.

ಈಗ ಆ ಜೋಡಿಯ ತಿಂಗಳ ಲೆಕ್ಕ ಕೂಡಿಸಬಹುದು. ಬಾಡಿಗೆ 18,000, ಮೆಂಟೆನೆನ್ಸ್ 1,500, ಗೃಹಜ್ಯೋತಿಯ ಪಾಲು ಕಳೆದು ಕರೆಂಟಿಗೆ 700, ನೀರಿಗೆ 400, ಗ್ಯಾಸಿಗೆ 430, ಇಂಟರ್‌ನೆಟ್ 707. ದಿನಸಿ, ತರಕಾರಿ, ಹಾಲು ಸೇರಿ 8,000. ಮನೆಗೆಲಸಕ್ಕೆ ಬರುವವರಿಗೆ 2,000. ಒಟ್ಟು 31,737, ಸುಲಭಕ್ಕೆ 32 ಸಾವಿರ. ಬಾಡಿಗೆ ಎಂದು ಕೇಳಿದ ಅಂಕಿಗಿಂತ 14 ಸಾವಿರ ಹೆಚ್ಚು. ಇದರಲ್ಲಿ ಹೋಟೆಲಿಲ್ಲ, ಸಿನಿಮಾ ಇಲ್ಲ, ಪೆಟ್ರೋಲಿಲ್ಲ, ಊರಿಗೆ ಕಳಿಸುವ ಹಣವೂ ಇಲ್ಲ.

ಈ 32 ಸಾವಿರವನ್ನು ಯಾರು ಎಷ್ಟು ಕೊಡಬೇಕು? ಅರ್ಧರ್ಧ ಎಂಬುದು ಮೇಲ್ನೋಟಕ್ಕೆ ಸಮಾನತೆ. ತಲಾ 16 ಸಾವಿರ ಕೊಟ್ಟರೆ ಅವನ ಕೈಯಲ್ಲಿ 22 ಸಾವಿರ ಉಳಿಯುತ್ತದೆ, ಅವಳ ಕೈಯಲ್ಲಿ 11 ಸಾವಿರ. ಒಂದೇ ಸೂರಿನಡಿ ಒಬ್ಬರಿಗೆ ಇನ್ನೊಬ್ಬರ ಎರಡರಷ್ಟು ಉಳಿತಾಯ. ಆದಾಯಕ್ಕೆ ತಕ್ಕಂತೆ ಹಂಚಿದರೆ ಅವನು 18,700, ಅವಳು 13,300 ಕೊಡುತ್ತಾರೆ, ಉಳಿಯುವುದು 19,300 ಮತ್ತು 13,700. ಇಬ್ಬರೂ ಸಂಬಳದ ಅರ್ಧದಷ್ಟನ್ನು ಮನೆಗೆ ಕೊಟ್ಟಂತಾಯಿತು. ಇದೇ ಹೆಚ್ಚು ನ್ಯಾಯದ ದಾರಿ. ಇದರ ಜೊತೆಗೆ ಒಂದು ಮಾತು ಹೇಳಲೇಬೇಕು: ಕಡಿಮೆ ಸಂಬಳದವರು ಕೆಲಸದಿಂದ ಬಂದು ಅಡುಗೆ, ಬಟ್ಟೆ, ಪಾತ್ರೆಯನ್ನೂ ಹೊರುತ್ತಿದ್ದರೆ ಆ ದುಡಿಮೆ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಮನೆಗೆಲಸದವರಿಗೆ ಕೊಡುವ 2,000 ಉಳಿಸೋಣ ಎಂಬ ಮಾತು ಬಂದಾಗ ಆ ಕೆಲಸ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಮೊದಲು ಕೇಳಬೇಕು.

ಇಬ್ಬರೂ ತಮ್ಮ ತಮ್ಮ ಫೋನಿನಿಂದ ಸಿಕ್ಕ ಸಿಕ್ಕ ಬಿಲ್ ಕಟ್ಟುತ್ತ ಹೋದರೆ ಯಾರು ಎಷ್ಟು ಕೊಟ್ಟರು ಎಂಬ ಲೆಕ್ಕ ಎರಡನೇ ವಾರಕ್ಕೇ ಕಲಸಿಹೋಗುತ್ತದೆ. ಮನೆ ಖರ್ಚಿಗೆಂದೇ ಇಬ್ಬರ ಹೆಸರಿನಲ್ಲಿ ಒಂದು ಜಂಟಿ ಉಳಿತಾಯ ಖಾತೆ ತೆರೆದು, ಸಂಬಳ ಬಂದ ದಿನವೇ ತಮ್ಮ ಪಾಲು ಅದಕ್ಕೆ ಹಾಕಿ, ಎಲ್ಲ ಬಿಲ್ಲನ್ನೂ ಅದರಿಂದಲೇ ಕಟ್ಟಿದರೆ ಬ್ಯಾಂಕಿನ ಪಟ್ಟಿಯೇ ಲೆಕ್ಕದ ಪುಸ್ತಕವಾಗುತ್ತದೆ. ಕನಿಷ್ಠ ಬಾಕಿಯ ದಂಡದ ಭಯವೂ ಈಗ ಎಲ್ಲ ಕಡೆ ಇಲ್ಲ. ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಗಳಿಗೆ ಆ ದಂಡವನ್ನು ಕೈಬಿಟ್ಟಿದೆ. ಉಳಿದ ಹಣ ಅವರವರ ಖಾತೆಯಲ್ಲೇ ಇರಲಿ, ಅದಕ್ಕೆ ಲೆಕ್ಕ ಕೇಳುವುದು ಬೇಡ. ಬಾಡಿಗೆಯನ್ನು ಕ್ರೆಡಿಟ್ ಕಾರ್ಡಿನಿಂದ ಕಟ್ಟಿ ಒಂದು ತಿಂಗಳು ಮುಂದೂಡುವ ಅಭ್ಯಾಸ ಕೆಲವರಿಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಪಾವತಿ ಸಂಸ್ಥೆಗಳ ನಿಯಮ ಬಿಗಿ ಮಾಡಿದ ಮೇಲೆ ಹಲವು ಆ್ಯಪ್‌ಗಳು ಆ ಸೌಲಭ್ಯವನ್ನೇ ನಿಲ್ಲಿಸಿದವು. ಅದು ನಿಂತದ್ದು ಒಳ್ಳೆಯದೇ ಆಯಿತು.

ತಿಂಗಳಿಗೊಮ್ಮೆ ಬಾರದ ಖರ್ಚುಗಳು ಇನ್ನೊಂದು ಬಗೆ. ಮದುವೆಯಾದ ಮೊದಲ ವರ್ಷ ಎರಡೂ ಕಡೆಯ ಹಬ್ಬಗಳು, ಯುಗಾದಿ, ಗೌರಿ ಗಣೇಶ, ದಸರಾ, ದೀಪಾವಳಿ. ಪ್ರತಿ ಹಬ್ಬಕ್ಕೂ ಎರಡು ಊರು, ಖಾಸಗಿ ಬಸ್ಸಿನವರ ಹಬ್ಬದ ದರ, ಎರಡು ಮನೆಗೂ ಬಟ್ಟೆ. ವೈಶಾಖ ಬಂದರೆ ನೆಂಟರ ಮದುವೆಗಳಿಗೆ ಮುಯ್ಯಿ. ತಮ್ಮ ಮದುವೆಯಲ್ಲಿ ಮುಯ್ಯಿ ಪಡೆದವರು ತಿರುಗಿ ಹಾಕದೆ ಇರಲಾಗದು, ಅದೂ ಈಗ ಎರಡು ಬಳಗಕ್ಕೆ. ಬೈಕಿನ ವಿಮೆ, ಆರೋಗ್ಯ ವಿಮೆಯ ಕಂತು ವರ್ಷಕ್ಕೊಮ್ಮೆ ಬರುತ್ತವೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ತಿಂಗಳ ಪಾಲು ಸಿಗುತ್ತದೆ. ವರ್ಷಕ್ಕೆ 48 ಸಾವಿರ ಎಂದಾದರೆ ತಿಂಗಳಿಗೆ 4 ಸಾವಿರ. ಆ 4 ಸಾವಿರವೂ ಬಾಡಿಗೆಯಷ್ಟೇ ಖಚಿತವಾದ ಬಿಲ್. ಆಕಸ್ಮಿಕ ಎಂದು ಅದನ್ನು ಕರೆಯಲಾಗದು, ದೀಪಾವಳಿ ಯಾವಾಗ ಎಂಬುದು ಪಂಚಾಂಗದಲ್ಲೇ ಇದೆ.

ದೂರದ ಬಡಾವಣೆಯಲ್ಲಿ ಬಾಡಿಗೆ ಕಡಿಮೆ ಎಂದು ಅತ್ತ ಹೋಗುವವರು ಓಡಾಟದ ಖರ್ಚನ್ನೂ ಬಾಡಿಗೆಗೆ ಸೇರಿಸಿ ನೋಡಬೇಕು. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60ರಿಂದ 90ಕ್ಕೆ ಹೋಯಿತು. ಒಂದು ಕಡೆಗೆ 60 ರೂ. ಆಗುವ ದೂರಕ್ಕೆ ತಿಂಗಳಲ್ಲಿ 24 ದಿನ ಹೋಗಿ ಬಂದರೆ ಒಬ್ಬರಿಗೆ 2,880. ಬಾಡಿಗೆಯಲ್ಲಿ 3 ಸಾವಿರ ಉಳಿದಿದ್ದರೆ ಅದು ಅಲ್ಲಿಗೆ ಸರಿಹೋಯಿತು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಿಎಂಟಿಸಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಹೆಂಡತಿಯ ಕೆಲಸದ ಜಾಗಕ್ಕೆ ನೇರ ಬಸ್ಸಿರುವ ಮನೆ ಸಿಕ್ಕಿದರೆ ಅದು ತಿಂಗಳಿಗೆ ಸಾವಿರಾರು ರೂಪಾಯಿಯ ಉಳಿತಾಯ.

ಆದಾಯ ತೆರಿಗೆಯ ವಿಷಯ ಚಿಕ್ಕದಾಗಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಉಂಟು. ಗಂಡ ಹೆಂಡತಿ ಇಬ್ಬರೂ ಕರಾರಿನಲ್ಲಿದ್ದು, ಇಬ್ಬರೂ ತಮ್ಮ ಪಾಲಿನ ಬಾಡಿಗೆ ನಿಜವಾಗಿ ಕಟ್ಟುತ್ತಿದ್ದರೆ ತಮ್ಮ ತಮ್ಮ ಪಾಲಿಗೆ ಇಬ್ಬರೂ ಕೇಳಬಹುದು. ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಓನರ್‌ನ ಪ್ಯಾನ್ ಬೇಕು, ಅದನ್ನು ಕೊಡುವುದಾಗಿ ಕರಾರಿನ ದಿನವೇ ಒಪ್ಪಿಸಿಕೊಳ್ಳಬೇಕು. ತಿಂಗಳ ಬಾಡಿಗೆ 50 ಸಾವಿರ ಮೀರಿದರೆ ಬಾಡಿಗೆದಾರರೇ ತೆರಿಗೆ ಮುರಿದು ಸರ್ಕಾರಕ್ಕೆ ಕಟ್ಟಬೇಕು, 2024ರ ಅಕ್ಟೋಬರ್‌ನಿಂದ ಅದರ ಪ್ರಮಾಣ ಶೇ 2. ಓನರ್ ಅನಿವಾಸಿ ಭಾರತೀಯರಾದರೆ ಈ 50 ಸಾವಿರದ ಮಿತಿ ಇಲ್ಲ, ಬಾಡಿಗೆ ಎಷ್ಟೇ ಇದ್ದರೂ ತೆರಿಗೆ ಮುರಿಯುವ ಹೊಣೆ ಬರುತ್ತದೆ. ಮಕ್ಕಳು ವಿದೇಶದಲ್ಲಿರುವ, ಅವರ ಹೆಸರಿನ ಫ್ಲ್ಯಾಟುಗಳನ್ನು ತಂದೆ ತಾಯಿ ನೋಡಿಕೊಳ್ಳುವ ಮನೆಗಳು ಬೆಂಗಳೂರಿನಲ್ಲಿ ಸಾಕಷ್ಟಿರುವುದರಿಂದ ಇದನ್ನು ಕೇಳಿ ತಿಳಿಯುವುದು ಅಗತ್ಯ.

ಮನೆ ಬಿಡುವಾಗಿನ ಖರ್ಚೂ ಸೇರುವಾಗಲೇ ಬರೆದುಕೊಳ್ಳಬೇಕಾದದ್ದು. ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುವುದು ಇಲ್ಲಿನ ಪದ್ಧತಿ. ಒಂದು ವರ್ಷ ಇದ್ದವರಿಗೂ, ಐದು ವರ್ಷ ಇದ್ದವರಿಗೂ ಒಂದೇ ಮೊತ್ತ. ಹನ್ನೊಂದು ತಿಂಗಳಿಗೇ ಮನೆ ಬಿಟ್ಟರೆ 18 ಸಾವಿರದ ಮನೆಯ ನಿಜವಾದ ಬಾಡಿಗೆ ತಿಂಗಳಿಗೆ 19,600ಕ್ಕೂ ಹೆಚ್ಚಾದಂತೆ. ಸೇರುವ ದಿನ ಗೋಡೆ, ನಲ್ಲಿ, ಬಾಗಿಲು, ಕರೆಂಟ್ ಮೀಟರಿನ ರೀಡಿಂಗ್ ಎಲ್ಲದರ ಫೋಟೊ ತೆಗೆದು ಓನರ್‌ಗೆ ವಾಟ್ಸ್‌ಆ್ಯಪ್ ಮಾಡಿದರೆ ಬಿಡುವ ದಿನದ ಜಗಳ ಅರ್ಧ ಕಡಿಮೆ. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಎಂಬುದು ಕರಾರಿನಲ್ಲಿ ಅಕ್ಷರದಲ್ಲಿರಲಿ. ಮುಂದಿನ ಮನೆಯ ಅಡ್ವಾನ್ಸ್ ಕಟ್ಟಬೇಕಾದದ್ದು ಇದೇ ಹಣದಿಂದ.

ಮನೆ ಹುಡುಕುತ್ತಿರುವವರಿಗೆ ಕೊನೆಯದಾಗಿ ಒಂದು ಕೋರಿಕೆ. ಟೋಕನ್ ಹಣ ಕೊಡುವ ಮೊದಲು ಓನರನ್ನು ಕಳೆದ ಹನ್ನೆರಡು ತಿಂಗಳ ಕರೆಂಟ್ ಬಿಲ್, ನೀರಿನ ಬಿಲ್, ಮೆಂಟೆನೆನ್ಸ್ ರಸೀದಿ ಕೇಳಿ. ಬಾಕಿ ಇದ್ದರೆ ಅಲ್ಲೇ ತೀರಿಸಲು ಹೇಳಿ. ಇಬ್ಬರೂ ಕೂತು ಆ ಕಾಗದಗಳನ್ನು ಓದಿ, ಕರಾರಿನಲ್ಲಿ ಇಬ್ಬರ ಹೆಸರನ್ನೂ ಬರೆಸಿ. ಬಿಲ್ ತೋರಿಸಲು ಒಪ್ಪದ ಓನರ್‌ನ ಮನೆ ಎಷ್ಟೇ ಗಾಳಿ ಬೆಳಕಿನದಾದರೂ ಬೇರೆ ಮನೆ ನೋಡಿ.